ಹಾರದ ಹಿಂದಿನ ಕಾಗದ

ನಾನು ಒಂದು ನೋಟಿಸ್ ಬೋರ್ಡು. ನಾಲ್ಕಡಿ ಅಗಲ, ಮೂರಡಿ ಎತ್ತರ, ಎರಡು ಗಾಜಿನ ಬಾಗಿಲು, ಒಂದು ಪುಟ್ಟ ಬೀಗ. ಒಳಗೆ ಹಸಿರು ಬಟ್ಟೆ ಹೊದಿಸಿದ್ದರು. ಈಗ ಆ ಹಸಿರನ್ನು ಹುಡುಕಬೇಕು. ಒಂದು ಗಾಜು ಒಡೆದಿದೆ. ಬೀಗ ಇದೆ, ಕೀಲಿಕೈ ಇಲ್ಲ. ಬದುಕಿನ ಕಥೆ ಹೇಳಿಕೊಳ್ಳುವವರು ಸಾಮಾನ್ಯವಾಗಿ ತಮ್ಮ ಹೆಚ್ಚುಗಾರಿಕೆಯಿಂದ ಶುರು ಮಾಡುತ್ತಾರೆ. ನನಗೆ ಆ ಮುಖವಿಲ್ಲ. ನಾನು ಹೇಳಲು ಹೊರಟಿರುವುದು ನಾಚಿಕೆಯ ಸಂಗತಿ. ಆದರೂ ಹುಟ್ಟಿನಿಂದಲೇ ಹೇಳುತ್ತೇನೆ. ನಾನು ಹುಟ್ಟುತ್ತಲೇ ಹೀಗಿರಲಿಲ್ಲ ಎಂಬುದಾದರೂ ನಿಮಗೆ ತಿಳಿಯಲಿ.

ಮಂಡ್ಯದ ಸಿದ್ದಾಚಾರಿ ಎಂಬ ಬಡಗಿ ನನ್ನನ್ನು ಮಾಡಿದ. ಯಾರದೋ ಮನೆಯ ಬಾಗಿಲಿಗೆಂದು ತಂದ ಹಲಸಿನ ಮರದಲ್ಲಿ ಉಳಿದ ತುಂಡುಗಳಿಂದ ನನ್ನ ಚೌಕಟ್ಟು ಆಯಿತು. ಉಜ್ಜಿ, ಪಾಲಿಶ್ ಹೊಡೆದು, ಗಾಜು ಕೂರಿಸಿ, ಮಗ್ಗುಲಿಗೆ ನಿಂತು ನೋಡಿ, "ಒರೆಸ್ಕಂಡು ಇಟ್ಕಂಡ್ರೆ ಮೂವತ್ತು ವರ್ಷ ಏನೂ ಆಗಕಿಲ್ಲ ಮೇಷ್ಟ್ರೆ" ಎಂದ. ಆ ಮಾತು ಕೇಳಿಯೇ ನನಗೆ ಜಂಬ ಬಂದಿರಬೇಕು.

ಮೇಷ್ಟ್ರು ಎಂದರೆ ಪುಟ್ಟಲಿಂಗಯ್ಯನವರು. ಪೇಟೆಬೀದಿಯ ಒಂದು ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹನ್ನೆರಡು ಟೈಪ್‌ರೈಟರುಗಳು ಬೆಳಗಿನಿಂದ ಸಂಜೆಯವರೆಗೆ ಟಕಟಕ ಎನ್ನುತ್ತಿದ್ದವು. ನಾನು ಮೆಟ್ಟಿಲು ಹತ್ತಿ ಬಂದ ಕೂಡಲೇ ಎದುರಾಗುವ ಗೋಡೆಯಲ್ಲಿದ್ದೆ. ಜೂನಿಯರ್, ಸೀನಿಯರ್ ಪರೀಕ್ಷೆಗಳ ಫಲಿತಾಂಶ ಬಂದಾಗ ಅದನ್ನು ನನ್ನೊಳಗೆ ಅಂಟಿಸುತ್ತಿದ್ದರು. ಅಂದು ಎಲ್ಲರೂ ನನ್ನ ಮುಂದೆ ನೂಕಾಡಬೇಕು ಎಂಬುದು ನನ್ನ ಆಸೆ.

ಆದರೆ ಮೇಷ್ಟ್ರು ಅದಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. ಪಟ್ಟಿ ಕೈಗೆ ಬಂದ ಕೂಡಲೇ ಫೇಲಾದವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದು, ಮೆಟ್ಟಿಲ ಮೇಲೆ ಕೂರಿಸಿಕೊಳ್ಳುತ್ತಿದ್ದರು.

"ಅಲ್ಲಿ ನೋಡೋಕ್ ಮುಂಚೆ ನನ್ ಬಾಯಲ್ಲಿ ಕೇಳವ್ವ. ಈ ಸಾರಿ ಆಗ್ಲಿಲ್ಲ. ಸ್ಪೀಡ್ ಅದೆ, ತಪ್ಪು ಜಾಸ್ತಿ. ಮುಂದ್ಲ ಸಾರಿ ಆಯ್ತದೆ, ಹೇಳ್ಕೊಡಾಕೆ ನಾನಿವ್ನಲ್ಲ."

ಅವರು ಅತ್ತು, ಮೂಗು ಒರೆಸಿಕೊಂಡು ಒಳಗೆ ಬಂದ ಮೇಲೆ ನನ್ನನ್ನು ನೋಡುತ್ತಿದ್ದರು. ನೋಡಿದರೂ ನೋಡದಿದ್ದರೂ ಒಂದೇ. ವಿಷಯ ಆಗಲೇ ಗೊತ್ತಿರುತ್ತಿತ್ತು. ನನಗೆ ಮೇಷ್ಟ್ರ ಮೇಲೆ ಒಳಗೊಳಗೇ ಸಿಟ್ಟು. ಎಲ್ಲ ಬಾಯಲ್ಲೇ ಹೇಳುವುದಾದರೆ ನನ್ನನ್ನು ಯಾಕೆ ಮಾಡಿಸಬೇಕಿತ್ತು ಎಂದುಕೊಳ್ಳುತ್ತಿದ್ದೆ. ಆಗ ನನಗೆ ಬುದ್ಧಿ ಅಷ್ಟೇ ಇತ್ತು.

ಕಂಪ್ಯೂಟರ್ ಬಂತು. ಟೈಪಿಂಗ್ ಕಲಿಯುವವರು ಇಲ್ಲವಾದರು. ಒಂದೊಂದೇ ಯಂತ್ರ ಮೆಟ್ಟಿಲಿಳಿದು ಹೋಯಿತು. ಕೊನೆಗೆ ನನ್ನ ಸರದಿ. ಮೇಷ್ಟ್ರು ಹೆಗಲ ಮೇಲಿನ ಟವೆಲಿನಿಂದ ನನ್ನ ಗಾಜು ಒರೆಸಿ, ನನ್ನನ್ನು ಕೊಳ್ಳಲು ಬಂದವರ ಕೈಗೆ ಕೀಲಿಕೈ ಕೊಟ್ಟರು. ಬಂದವರು ಊರಾಚೆ ಹೊಸದಾಗಿ ಶುರುವಾಗಿದ್ದ ಒಂದು ಗಾರ್ಮೆಂಟ್ಸಿನ ಮ್ಯಾನೇಜರ್, ಜಗನ್ನಾಥ್ ಎಂದು ಹೆಸರು. ಅವರು ಕೀಲಿಕೈಯನ್ನು ತಮ್ಮ ಗೊಂಚಲಿಗೆ ಸೇರಿಸಿಕೊಂಡರು. ಅಂದಿನಿಂದ ಅದು ಬೇರೆ ಯಾರ ಕೈಗೂ ಹೋಗಲಿಲ್ಲ.

ಗಾರ್ಮೆಂಟ್ಸಿನಲ್ಲಿ ನನ್ನ ಜಾಗ ಬಾಗಿಲ ಪಕ್ಕ, ಹಾಜರಿಗೆ ಬೆರಳೊತ್ತುವ ಪಂಚಿಂಗ್ ಮಿಷನ್ನಿನ ಮೇಲೆ. ಶರ್ಟು ಕತ್ತರಿಸುವ, ಹೊಲಿಯುವ ಎಂಬತ್ತು ಹೆಂಗಸರು ದಿನಕ್ಕೆರಡು ಸಾರಿ ನನ್ನ ಮುಂದೆ ಸಾಲಾಗಿ ನಿಲ್ಲಲೇಬೇಕು. ಇಷ್ಟು ಜನ ನನ್ನನ್ನು ಎಂದೂ ನೋಡಿರಲಿಲ್ಲ. ಬಂದ ಹೊಸದರಲ್ಲಿ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಜಗನ್ನಾಥ್ ಕೆಟ್ಟವರಲ್ಲ. ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿಲ್ಲ. ಅವರ ತೊಂದರೆ ಬೇರೆ. ಅವರಿಗೆ ಜನರ ಮುಂದೆ ನಿಂತು ಮಾತಾಡುವುದೆಂದರೆ ಆಗುತ್ತಿರಲಿಲ್ಲ. ಏನಿದ್ದರೂ ಟೈಪ್ ಮಾಡಿಸಿ, ಸಹಿ ಹಾಕಿ, ಸೀಲು ಒತ್ತಿ, ಎಲ್ಲರೂ ಹೋದ ಮೇಲೆ ಬಂದು ನನ್ನೊಳಗೆ ಚುಚ್ಚಿ ಬೀಗ ಹಾಕುತ್ತಿದ್ದರು. ಬೀಗ ಬಿದ್ದರೆ ಅವರ ಮಟ್ಟಿಗೆ ಮಾತು ಮುಗಿದ ಹಾಗೆ. ಯಾರು ಏನೇ ಕೇಳಲಿ, "ಬೋರ್ಡಿಗೆ ಹಾಕಿದ್ದೀನಲ್ಲ" ಎನ್ನುತ್ತಿದ್ದರು. ಅವರಿಗೂ ಮೇಲಿನವರು ಹಾಗೇ ಮಾಡುತ್ತಿದ್ದರು. ಒಮ್ಮೆ ನನ್ನ ಪಕ್ಕದಲ್ಲೇ ನಿಂತು ಫೋನಿನಲ್ಲಿ, "ಸರ್, ಕಾರಣ ಏನು ಅಂತ ಗೊತ್ತಾದ್ರೆ..." ಎಂದು ಶುರು ಮಾಡಿ, ಅಷ್ಟಕ್ಕೇ ನಿಲ್ಲಿಸಿ, "ಸರಿ ಸರ್, ಸರಿ ಸರ್" ಎಂದು ಇಟ್ಟರು. ಆಮೇಲೆ ಸ್ವಲ್ಪ ಹೊತ್ತು ನನ್ನ ಗಾಜಿನಲ್ಲಿ ತಮ್ಮ ಮುಖ ನೋಡಿಕೊಂಡು ನಿಂತಿದ್ದರು.

ಒಂದು ಸೋಮವಾರದ ವಿಷಯ ಹೇಳುತ್ತೇನೆ. ಅಂದು ಕರೆಂಟಿನವರ ಕೆಲಸ, ಕಾರ್ಖಾನೆಗೆ ರಜೆ. ಆ ರಜೆಯ ನೋಟಿಸು ನನ್ನೊಳಗೇ ಇತ್ತು. ಶನಿವಾರ ಸಂಜೆ ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಹಾಕಿದ್ದು. ಗೇಟಿಗೆ ಬೀಗ, ಗೇಟಿನೊಳಗೆ ಬಾಗಿಲು, ಬಾಗಿಲೊಳಗೆ ನಾನು, ನನ್ನೊಳಗೆ ರಜೆ. ಎಂಬತ್ತು ಜನ ಬುತ್ತಿ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದರು. ಕೊನೆಗೆ ವಾಚ್‌ಮನ್ ಬೋರೇಗೌಡ ಒಳಗೆ ಬಂದು, ನನ್ನನ್ನು ಓದಿ, ಹೊರಗೆ ಹೋಗಿ ಕೂಗಿ ಹೇಳಿದ.

ಕಾಲರ್ ಹೊಲಿಯುವ ಶಕೀಲಾ ಗೇಟಿನ ಆಚೆಯಿಂದಲೇ ಬೈದದ್ದು ನನಗೆ ಕೇಳಿಸಿತು. "ಶನಿವಾರ ನಮ್ ಮುಂದೇನೇ ಹಾದೋದ್ರಲ್ಲ, ರಜ ಕಣ್ರವ್ವ ಅಂತ ಒಂದ್ ಮಾತು ಅಂದಿದ್ರೆ ಇವ್ರ ಬಾಯಿ ಸವೀತಿತ್ತಾ?"

ಬೇಸರ ಪಡಬೇಕಾದವನು ನಾನು ನಕ್ಕುಬಿಟ್ಟೆ. ಇನ್ನು ಮೇಲಾದರೂ ಇವರು ನನ್ನನ್ನು ಸರಿಯಾಗಿ ನೋಡುತ್ತಾರೆ ಎಂದುಕೊಂಡೆ. ಆದದ್ದು ತಿರುಗುಮುರುಗು. ನನ್ನೊಳಗೆ ಬರುವುದೆಲ್ಲ 'ಮಾತನಾಡಬಾರದು', 'ತಡವಾಗಿ ಬರಬಾರದು', 'ಶೌಚಾಲಯದಲ್ಲಿ ಹೆಚ್ಚು ಹೊತ್ತು ಇರಬಾರದು' ಎಂಬ ಕಾಗದಗಳು. ಹಳೆಯದನ್ನು ತೆಗೆಯುತ್ತಿರಲಿಲ್ಲ, ಹೊಸದನ್ನು ಅದರ ಮೇಲೆಯೇ ಚುಚ್ಚುತ್ತಿದ್ದರು. ಕ್ರಮೇಣ ಹೆಂಗಸರು ನನ್ನ ಕಡೆ ಕಣ್ಣು ಹಾಯಿಸುವುದನ್ನೇ ಬಿಟ್ಟರು. ಬೆರಳೊತ್ತಿ, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು.

ಅವರಲ್ಲಿ ಒಬ್ಬಳು ಚಿಕ್ಕತಾಯಮ್ಮ. ಶಕೀಲಾಳ ಪಕ್ಕದ ಮಿಷನ್ನಿನವಳು. ಕಾರ್ಖಾನೆ ಶುರುವಾದ ದಿನದಿಂದ ಇದ್ದಳು. ಅವಳ ಗಂಡ ಕೆಂಪರಾಜು ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಇಲ್ಲದೆ ಮಲಗಿದ್ದ. ಮನೆ ಕಾರ್ಖಾನೆಯ ಹಿಂದಿನ ಎರಡನೇ ಬೀದಿ. ಮಧ್ಯಾಹ್ನ ಊಟದ ಗಂಟೆ ಹೊಡೆದ ಕೂಡಲೇ ಅವಳು ಬೆರಳೊತ್ತಿ, ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಳು. ಗಂಡನಿಗೆ ಉಣ್ಣಿಸಿ, ಮೈ ಒರೆಸಿ, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಹೊರಳಿಸಿ, ಅರ್ಧ ಗಂಟೆಯೊಳಗೆ ಏದುಸಿರು ಬಿಡುತ್ತ ಬಂದು ಮತ್ತೆ ಬೆರಳೊತ್ತುತ್ತಿದ್ದಳು. ಒಂದು ದಿನವೂ ತಡವಾದದ್ದಿಲ್ಲ. ಆ ಅರ್ಧ ಗಂಟೆ ಇದ್ದುದರಿಂದ ಅವಳಿಗೆ ಕೆಲಸ ಇತ್ತು, ಕೆಲಸ ಇದ್ದುದರಿಂದ ಮನೆ ಇತ್ತು. ಉಳಿದವರು ಕೂತು ಉಣ್ಣುತ್ತ ಊರಿನ ಸುದ್ದಿಯೆಲ್ಲ ಹಂಚಿಕೊಳ್ಳುವ ಹೊತ್ತಿನಲ್ಲಿ ಅವಳು ಅಲ್ಲಿ ಇರುತ್ತಲೇ ಇರಲಿಲ್ಲ.

ಇನ್ನು ಆ ಆಯುಧಪೂಜೆ. ಇದನ್ನು ಹೇಳದೆ ವಿಧಿಯಿಲ್ಲ.

ಆ ವರ್ಷ ಹಬ್ಬ ಶುಕ್ರವಾರ ಬಂದಿತ್ತು. ಗುರುವಾರ ಸಂಜೆ, ಎಂದಿನಂತೆ ಹೊಲಿಯುವವರೆಲ್ಲ ಹೋದ ಮೇಲೆ, ಜಗನ್ನಾಥ್ ಬಂದು ನನ್ನ ನಡುಮಧ್ಯಕ್ಕೆ ಒಂದು ಹೊಸ ಕಾಗದ ಚುಚ್ಚಿದರು. ಶರ್ಟಿನ ಲೈನು, ಎಂದರೆ ಮಿಷನ್ನುಗಳ ಸಾಲು ಪೂರ್ತಿ, ನಲವತ್ತು ಕಿಲೋಮೀಟರ್ ಆಚೆಯ ಹೊಸ ಯೂನಿಟ್ಟಿಗೆ ಹೋಗುತ್ತದೆ. ಇಲ್ಲೇ ಪ್ಯಾಕಿಂಗಿನಲ್ಲಿ ಉಳಿಯಬಯಸುವವರು ಮಂಗಳವಾರ ಸಂಜೆ ಐದರೊಳಗೆ ಆಫೀಸಿನಲ್ಲಿ ಹೆಸರು ಬರೆದುಕೊಡಬೇಕು. ಕೊಡದವರು ಹೊಸ ಯೂನಿಟ್ಟಿಗೆ ಹೋಗಲು ಒಪ್ಪಿದ್ದಾರೆ ಎಂದು ತಿಳಿಯಲಾಗುವುದು. ಕೆಳಗೆ ಸಹಿ, ಸೀಲು. ಅಂದು ತಡವಾಗಿ ಹೊರಟ ಕಟಿಂಗಿನ ಒಂಬತ್ತು ಜನ ಮಾತ್ರ ಅದನ್ನು ಓದಿದರು. ಎಲ್ಲರೂ ಓದುತ್ತಾರೆ ಎಂದು ಸುಮ್ಮನಾದರೋ, ಜಾಗ ಕಡಿಮೆಯಿದ್ದರೆ ತಮಗೆ ತಪ್ಪೀತು ಎಂದು ಬಾಯಿ ಮುಚ್ಚಿಕೊಂಡರೋ, ನನಗೆ ತಿಳಿಯದು.

ಶುಕ್ರವಾರ ಬೆಳಿಗ್ಗೆ ಹೆಂಗಸರು ರೇಷ್ಮೆ ಸೀರೆ ಉಟ್ಟು ಬಂದರು. ಮಿಷನ್ನುಗಳನ್ನು ಒರೆಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಒಂದೊಂದಕ್ಕೂ ಸೇವಂತಿಗೆ ಹಾರ ಹಾಕಿದರು. ಕತ್ತರಿಗೆ ಹೂವು, ಇಸ್ತ್ರಿಪೆಟ್ಟಿಗೆಗೆ ಹೂವು, ಬೋರೇಗೌಡನ ಸೈಕಲ್ಲಿಗೂ ಹೂವು. ನನಗೆ ಮಾತ್ರ ಯಾವ ವರ್ಷವೂ ಇಲ್ಲ. ಟೈಪಿಂಗಿನಲ್ಲಿದ್ದಾಗಲೂ ಪೂಜೆ ಯಂತ್ರಗಳಿಗೇ. ಇಷ್ಟು ವರ್ಷ ಅದನ್ನು ನೋಡಿ ನೋಡಿ ನನಗೆ ಹೊಟ್ಟೆಯುರಿ.

ಚಿಕ್ಕತಾಯಮ್ಮನ ಕೈಯಲ್ಲಿ ಒಂದು ಹಾರ ಉಳಿದಿತ್ತು. ಎಲ್ಲಿ ಹಾಕಲಿ ಎಂದು ಅತ್ತಿತ್ತ ನೋಡಿ, ನನ್ನ ಮುಂದೆ ಬಂದು ನಿಂತಳು.

"ಪಾಪ, ಇದೂ ನಮ್ ಜೊತೇಲಿ ಹಗಲೆಲ್ಲ ನಿಂತಿರ್ತದೆ. ಇದಕ್ಕೊಂದು ಬ್ಯಾಡ್ವಾ?" ಎಂದಳು.

ಶಕೀಲಾ ನಕ್ಕಳು. "ಹಾಕು ತಾಯಮ್ಮಕ್ಕ, ಇನ್ಮೇಲಾದ್ರೂ ಒಳ್ಳೆ ಸುದ್ದಿ ಹೇಳ್ಲಿ."

ಚಿಕ್ಕತಾಯಮ್ಮ ಸ್ಟೂಲು ಹತ್ತಿದಳು. ಗಾಜಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ನಡುವೆ ದೊಡ್ಡದಾಗಿ ಕುಂಕುಮ ಇಟ್ಟಳು. ದಪ್ಪ ಹಳದಿ ಹಾರವನ್ನು ಎರಡು ಸುತ್ತು ಮಾಡಿ ನನ್ನ ಮೇಲಿನ ಮೊಳೆಗಳಿಗೆ ಸಿಕ್ಕಿಸಿದಳು. ಅದು ನನ್ನ ನಡುಮಧ್ಯಕ್ಕೆ, ಆ ಹೊಸ ಕಾಗದದ ಮೇಲೆ ಸರಿಯಾಗಿ ಇಳಿಬಿತ್ತು. ಹೊರಗೆ ಕಾಣುತ್ತಿದ್ದುದು ಸೀಲು ಮಾತ್ರ. ಅವಳು ಕೆಳಗಿಳಿದು, ಕೈ ಮುಗಿದು, ಕಣ್ಣಿಗೊತ್ತಿಕೊಂಡು ಹೋದಳು.

ನನಗೆ ಗೊತ್ತಿತ್ತು. ನನ್ನೊಳಗಿನ ಅಕ್ಷರ ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಈ ಹಾರ ಯಾವ ಸಾಲಿನ ಮೇಲೆ ಬಿದ್ದಿದೆ, ಆ ಸಾಲು ಯಾರ ಬದುಕಿನದು ಎಂದು ತಿಳಿದೂ ನಾನು ಅಂದು ಸಂಭ್ರಮಪಟ್ಟೆ. ಹೂವಿನ ವಾಸನೆ, ಕುಂಕುಮದ ತಂಪು, ಹೋಗಿ ಬರುವವರೆಲ್ಲ ನೋಡುವ ನೋಟ. ಇದು ಜಾರಿ ಕೆಳಗೆ ಬೀಳಲಿ ಎಂದು ಒಂದು ಸಾರಿಯೂ ಅನಿಸಲಿಲ್ಲ. ನನ್ನ ನಾಚಿಕೆಯೆಲ್ಲ ಇರುವುದು ಇಲ್ಲಿ.

ಗೇಟಿನಲ್ಲಿ ಬೂದುಗುಂಬಳಕಾಯಿ ಒಡೆದರು. ಆಮೇಲೆ ಎಂಬತ್ತು ಹೆಂಗಸರೂ ಸಾಲಾಗಿ ಬಂದರು. ಜಗನ್ನಾಥ್ ನನ್ನ ಕೆಳಗೇ ನಿಂತು ಒಬ್ಬೊಬ್ಬರ ಕೈಗೂ ಕಡ್ಲೆಪುರಿ, ಸ್ವೀಟಿನ ಪೊಟ್ಟಣ ಕೊಟ್ಟರು. ಒಬ್ಬೊಬ್ಬರಿಗೂ "ಹಬ್ಬದ ಶುಭಾಶಯ" ಎಂದರು. ಚಿಕ್ಕತಾಯಮ್ಮ ಬಂದಾಗ, "ಮನೆಯವರು ಹೇಗಿದ್ದಾರಮ್ಮ?" ಎಂದೂ ಕೇಳಿದರು. "ಅವ್ರೆ ಸಾ, ನಿಮ್ ದಯೆ, ಮಧ್ಯಾಹ್ನ ಬಿಡ್ತೀರಲ್ಲ, ಅದ್ರಿಂದ ನಡೀತದೆ" ಎಂದಳು. ಅವರು ತಲೆಯಾಡಿಸಿ ಮುಂದಿನವರಿಗೆ ಪೊಟ್ಟಣ ಕೊಟ್ಟರು. ಹೇಳುವುದಕ್ಕೆ ಎಂಬತ್ತು ಸಾರಿ ಅವಕಾಶ ಇತ್ತು.

ಶನಿವಾರ, ಭಾನುವಾರ ರಜೆ. ಸೋಮವಾರ ಬಂದವರೇ ಹೆಂಗಸರು ತಂತಮ್ಮ ಮಿಷನ್ನಿನ ಹೂವು ತೆಗೆದು ಕೆಲಸಕ್ಕೆ ಕೂತರು. ನಾನು ಯಾರ ಮಿಷನ್ನೂ ಅಲ್ಲವಲ್ಲ, ನನ್ನ ಹೂವು ತೆಗೆಯುವವರು ಯಾರೂ ಇರಲಿಲ್ಲ. ಅಂದು ಬೆಳಿಗ್ಗೆ ಜಗನ್ನಾಥ್ ನನ್ನ ಮುಂದೆ ನಿಂತರು. ಹಾರ ನೋಡಿದರು. ಕೈ ಎತ್ತಿದರು. ಪೂಜೆಯ ಹೂವು ತಾನು ಕಿತ್ತರೆ ಹೆಂಗಸರು ಏನಂದುಕೊಳ್ಳುತ್ತಾರೋ ಎಂದಿರಬೇಕು, ಕೈ ಇಳಿಸಿದರು. ಅಲ್ಲಿಂದ ಲೈನಿಗೆ ಇಪ್ಪತ್ತು ಹೆಜ್ಜೆ. ಹೋಗಿ ಹೇಳಬಹುದಿತ್ತು. ಅವರು ಸೂಪರ್‌ವೈಸರ್ ಮಾದೇಶನನ್ನು ಕಂಡು, "ನೋಟಿಸ್ ನೋಡಿದ್ದೀರಲ್ಲ ಎಲ್ಲರೂ?" ಎಂದರು. ಮಾದೇಶನಿಗೆ ಯಾವ ನೋಟಿಸು ಎಂದೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಎಲ್ಲಿ ತಪ್ಪಾಗುತ್ತದೋ ಎಂದು, "ನೋಡವ್ರೆ ಸಾ" ಎಂದುಬಿಟ್ಟ. ಅಲ್ಲಿಗೆ ಅವರಿಬ್ಬರ ಜವಾಬ್ದಾರಿಯೂ ಮುಗಿಯಿತು.

ಸೇವಂತಿಗೆ ಬಾಡುತ್ತ ಬಂತು. ಈಗ ನನಗೆ ಭಯ ಹತ್ತಿತು. ಮಂಗಳವಾರ ಮಧ್ಯಾಹ್ನ ಚಿಕ್ಕತಾಯಮ್ಮ ನನ್ನ ಕೆಳಗೆ ಬೆರಳೊತ್ತಿ ಓಡಿದಳು, ಓಡಿ ಬಂದಳು. ಅವಳ ತಲೆಗೂ ಆ ಕಾಗದಕ್ಕೂ ನಡುವೆ ಒಂದು ಗೇಣು. ಒಂದು ಒಣ ಎಸಳು ಉದುರಿ ಅವಳ ಹೆಗಲ ಮೇಲೆ ಬಿತ್ತು. ಅವಳು ಅದನ್ನು ಪ್ರಸಾದವೆಂದು ತೆಗೆದು ಮುಡಿಗೆ ಸಿಕ್ಕಿಸಿಕೊಂಡಳು. ಐದು ಗಂಟೆ ಆಯಿತು.

ಬುಧವಾರ ಪಟ್ಟಿ ಬಂತು. ಅದನ್ನು ನನ್ನೊಳಗಲ್ಲ, ಪಂಚಿಂಗ್ ಮಿಷನ್ನಿನ ಪಕ್ಕದ ಗೋಡೆಗೇ ಅಂಟಿಸಿದ್ದರು. ನನ್ನ ಮೇಲೆ ಹಾರ ಇತ್ತಲ್ಲ! ಶಕೀಲಾ ಬೆರಳಿಟ್ಟು ಓದಿದಳು. ಹೊಸ ಯೂನಿಟ್ಟಿಗೆ ಹೋಗುವವರು ಎಪ್ಪತ್ತೊಂದು ಜನ. ಅದರಲ್ಲಿ ಚಿಕ್ಕತಾಯಮ್ಮ. ಒಂದು ನಿಮಿಷ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲವೆದ್ದಿತು. ಜಗನ್ನಾಥ್ ಹೊರಗೆ ಬರಬೇಕಾಯಿತು.

"ನಾವ್ ಒಪ್ಪಿದ್ದೀವಿ ಅಂತ ಯಾರ್ ಹೇಳಿದ್ದು ಸಾ?" ಎಂದಳು ಶಕೀಲಾ.

"ನೋಟಿಸ್ ಕೊಟ್ಟಿತ್ತಲ್ಲಮ್ಮ. ಬೋರ್ಡಿಗೆ ಹಾಕಿದ್ದೀನಲ್ಲ. ಐದು ದಿನ ಇತ್ತು."

"ಎಲ್ಲಿ ಸಾ?"

ಅವರು ನನ್ನ ಕಡೆ ಬೆರಳು ತೋರಿಸಿದರು. ಎಂಬತ್ತು ಜನ ಒಟ್ಟಿಗೆ ನನ್ನನ್ನು ನೋಡಿದರು. ಜನ ನೂಕಾಡಿಕೊಂಡು ನನ್ನ ಮುಂದೆ ಸೇರಬೇಕು ಎಂದು ಟೈಪಿಂಗಿನಲ್ಲಿ ಆಸೆಪಡುತ್ತಿದ್ದೆನಲ್ಲ, ಆ ದಿನ ಬಂದಿತ್ತು. ಚಿಕ್ಕತಾಯಮ್ಮ ಮುಂದೆ ಬಂದು, ಸ್ಟೂಲು ಹತ್ತಿ, ಒಣಗಿದ ಹಾರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದಳು. ಕುಂಕುಮವನ್ನು ಸೆರಗಿನಿಂದ ಒರೆಸಿದಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅವಳು 'ಮಂಗಳವಾರ ಸಂಜೆ ಐದರೊಳಗೆ' ಎಂಬಲ್ಲಿ ನಿಲ್ಲಿಸಿದಾಗ ಅವಳ ಉಸಿರು ನನ್ನ ಗಾಜಿಗೆ ತಾಗುತ್ತಿತ್ತು.

"ಹೂವಿನ ಹಿಂದೆ ಅದೆ ಅಂತ ನಿಮ್ಗೆ ಕಾಣ್ಲಿಲ್ವಾ ಸಾ? ನೀವೂ ದಿನಾ ಇಲ್ಲೇ ಓಡಾಡಿದ್ರಿ" ಎಂದಳು ಶಕೀಲಾ.

ಜಗನ್ನಾಥರ ಮುಖ ಕೆಂಪಾಯಿತು. "ಪೂಜೆ ಹೂವು ನಾನು ತೆಗೆಯೋದಾ? ನೋಟಿಸ್ ಬೋರ್ಡಿಗೆ ಹಾರ ಹಾಕಿ ಅಂತ ನಾನು ಹೇಳಿದ್ನಾ? ಯಾರು ಹಾಕಿದ್ದು ಇದನ್ನ?"

ಸ್ಟೂಲಿನ ಮೇಲಿದ್ದ ಚಿಕ್ಕತಾಯಮ್ಮ ನಿಧಾನವಾಗಿ ತಿರುಗಿದಳು. ಕೈಯಲ್ಲಿ ಹಾರ ಹಾಗೇ ಇತ್ತು.

"ನಾನೇ ಸಾ" ಎಂದಳು. "ತಪ್ಪಾಯ್ತು."

ಅವಳು ತಲೆ ತಗ್ಗಿಸಿದಳು. ನಾನೂ ತಗ್ಗಿಸುತ್ತಿದ್ದೆ, ಆದರೆ ನನ್ನನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ತಗ್ಗಿಸಬೇಕಾಗಿದ್ದ ತಲೆ ಅಲ್ಲಿ ಬೇರೆಯದೇ ಇತ್ತು. ಅದು, "ಪಟ್ಟಿ ಹೆಡ್ ಆಫೀಸಿಗೆ ಹೋಗಿಬಿಟ್ಟಿದೆ, ಇನ್ನು ನನ್ನ ಕೈಲಿ ಏನೂ ಇಲ್ಲ" ಎಂದು ಹೇಳಿ ಒಳಗೆ ಹೋಯಿತು.

ಮುಂದಿನದು ನಾನು ಕಂಡದ್ದಲ್ಲ, ಹಳೆಯ ಸಂಬಳದ ಬಾಕಿ ಕೇಳಲು ಬಂದ ಶಕೀಲಾ ನನ್ನ ಕೆಳಗೆ ನಿಂತು ಬೋರೇಗೌಡನಿಗೆ ಹೇಳಿದ್ದು. ಚಿಕ್ಕತಾಯಮ್ಮ ಹೊಸ ಯೂನಿಟ್ಟಿಗೆ ಒಂಬತ್ತು ದಿನ ಹೋದಳು. ಬೆಳಿಗ್ಗೆ ಏಳಕ್ಕೆ ಬಸ್ಸು, ವಾಪಸ್ಸು ಸಂಜೆ ಏಳಕ್ಕೆ. ಒಂಬತ್ತನೇ ದಿನ ಕೆಂಪರಾಜು ನೀರಿನ ಚೊಂಬಿಗೆ ಕೈಚಾಚಿ ಮಂಚದಿಂದ ಬಿದ್ದು, ಅವಳು ಬರುವವರೆಗೆ ನೆಲದ ಮೇಲೆಯೇ ಇದ್ದನಂತೆ. ಹತ್ತನೇ ದಿನದಿಂದ ಅವಳು ಕೆಲಸಕ್ಕೆ ಹೋಗಲಿಲ್ಲ. ಅದನ್ನು ಕೇಳಿದ ಮೇಲೆ ನನಗೆ ಯಾವ ಕಾಗದ ಚುಚ್ಚಿದರೂ ಮುಳ್ಳು ಚುಚ್ಚಿದ ಹಾಗೆ ಆಗುತ್ತಿತ್ತು.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಜಗನ್ನಾಥ್ ಒಂದು ವಾಟ್ಸಾಪ್ ಗ್ರೂಪು ಮಾಡಿದರು. ಅದರಲ್ಲಿ ಅವರೊಬ್ಬರೇ ಬರೆಯಬಹುದು, ಉಳಿದವರು ತಿರುಗಿ ಕೇಳುವ ಹಾಗಿಲ್ಲ. "ಗ್ರೂಪಿಗೆ ಹಾಕಿದ್ದೀನಲ್ಲ" ಎಂದು ಅವರು ಯಾರಿಗೋ ಹೇಳುತ್ತಿದ್ದುದು ಕೇಳಿಸಿದ ವಾರದಲ್ಲೇ ನನ್ನನ್ನು ಗೋಡೆಯಿಂದ ಇಳಿಸಿ ಸ್ಟೋರಿಗೆ ಹಾಕಿದರು. ಅಲ್ಲಿ ಆರೇಳು ವರ್ಷ ಹಳೆಯ ಫ್ಯಾನುಗಳ ಜೊತೆ ಇದ್ದೆ. ಈಗ ಮುನೀರ್ ಸಾಬರ ಗುಜರಿ ಅಂಗಡಿಯಲ್ಲಿ, ಒಂದು ಬೇಸಿನ್ನಿಗೆ ಒರಗಿಕೊಂಡಿದ್ದೇನೆ. ಬಿಸಿಲಿಗೆ ಪಾಲಿಶ್ ಎದ್ದಿದೆ. ಸಿದ್ದಾಚಾರಿ ಹೇಳಿದ ಮೂವತ್ತು ವರ್ಷ ದಾಟಿತು ಎಂದು ಕಾಣುತ್ತದೆ.

ಹೋದ ವಾರ ಒಬ್ಬ ಹೆಂಗಸು ಹಳೆಯ ಹೊಲಿಗೆ ಮಿಷನ್ನಿನ ಕಾಲುಮೆಟ್ಟು ಸಿಗುತ್ತದೆಯೇ ಎಂದು ಹುಡುಕಿಕೊಂಡು ಬಂದಳು. ಕೂದಲು ಪೂರಾ ನೆರೆತಿತ್ತು. ಧ್ವನಿಯಿಂದಲೇ ತಿಳಿಯಿತು.

"ಮನೆಯೋರು ಹೆಂಗವ್ರೆ ತಾಯಮ್ಮ?" ಎಂದು ಕೇಳಿದರು ಮುನೀರ್ ಸಾಬರು.

"ಅವ್ರೆ ಸಾಬ್ರೆ, ಹಂಗೇ ಅವ್ರೆ. ಮನೇಲೇ ರವಿಕೆ ಹೊಲಿತೀನಿ, ಅವ್ರನ್ನೂ ನೋಡ್ಕತೀನಿ. ಕಾಲ ಹೋಯ್ತಾ ಅದೆ."

ಹುಡುಕುತ್ತ ಹುಡುಕುತ್ತ ನನ್ನ ಮುಂದೆ ಬಂದಳು. ನಿಂತಳು. ಬಗ್ಗಿ, ಒಡೆಯದೆ ಉಳಿದಿದ್ದ ಗಾಜನ್ನು ಸೆರಗಿನಿಂದ ಒರೆಸಿದಳು. ಎರಡು ಬಾಗಿಲು ಕೂಡುವ ಸಂದಿನಲ್ಲಿ ಇನ್ನೂ ಕೆಂಪು ಉಳಿದಿತ್ತು, ಅವಳೇ ಇಟ್ಟ ಕುಂಕುಮ. ಅದನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಇದು ನಮ್ ಗಾರ್ಮೆಂಟ್ಸಿಂದು ಸಾಬ್ರೆ" ಎಂದಳು. "ಇದ್ರ ಮೇಲೆ ಹಾರ ಹಾಕಿ ನನ್ ಕೆಲ್ಸ ನಾನೇ ಕಳ್ಕಂಡೆ. ನನ್ ದಡ್ಡತನ."

ಸಾಬರು ಏನೋ ಸಮಾಧಾನ ಹೇಳಿದರು. ಅವಳು ನಕ್ಕು, ಕಾಲುಮೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳು ಹೋಗಿ ಏಳು ದಿನವಾಯಿತು. ಇಷ್ಟು ವರ್ಷವೂ ಅವಳು ಅದನ್ನು ತನ್ನ ತಪ್ಪೆಂದೇ ಹೊತ್ತುಕೊಂಡಿದ್ದಾಳೆ. ಒಬ್ಬರೂ ಅವಳಿಗೆ ಅಲ್ಲ ಎಂದು ಹೇಳಿಲ್ಲ. ಹೇಳೋಣವೆಂದರೆ ನಾನು ಹಲಗೆ. ಬಾಯಿ ಇದ್ದವರೇ ಹೇಳಲಿಲ್ಲ. ಎದುರಿಗೆ ಬಂದು ಗಾಜು ಒರೆಸಿದವಳಿಗೆ ನಾನೂ ಹೇಳದೆ ಕಳಿಸಿದೆ. ಕೊನೆಗೆ ನಾನೂ ಅವರ ಸಾಲಿಗೇ ಸೇರಿದೆ.

ಅದಕ್ಕೇ ಇಷ್ಟೆಲ್ಲ ನಿಮಗೆ ಹೇಳಿದ್ದು. ಆ ಗಾರ್ಮೆಂಟ್ಸಿನ ಹಿಂದಿನ ಎರಡನೇ ಬೀದಿಯಲ್ಲಿ, ಬಾಗಿಲಿಗೆ ಕಾಣುವಂತೆ ಹೊಲಿಗೆ ಮಿಷನ್ನು ಇಟ್ಟುಕೊಂಡ ಮನೆಯಿದೆ. ನೀವು ಎಂದಾದರೂ ಆ ಕಡೆ ಹೋದರೆ, ಒಂದು ನಿಮಿಷ ನಿಂತು, ತಪ್ಪು ನಿನ್ನದಲ್ಲ ಕಣವ್ವ ಎಂದು ಅವಳಿಗೆ ಹೇಳಿ. ಬರೆದು ಕಳಿಸಬೇಡಿ. ಬಾಯಲ್ಲೇ ಹೇಳಿ.